ಒಂದು ಸಲ ಒತ್ತಿದರೆ ಎರಡು ಸಲ ಒತ್ತುವ ಮೌಸ್

ಡಿಪಿಐ ಎಷ್ಟು, ತೂಕ ಎಷ್ಟು, ಯಾವ್ಯಾವ ಬಣ್ಣದಲ್ಲಿ ಸಿಗುತ್ತದೆ ಎಂಬುದೆಲ್ಲ ಡಬ್ಬಿಯ ಮೇಲೇ ಇದೆ. ಅದನ್ನು ಮತ್ತೆ ಬರೆಯುವುದಿಲ್ಲ. ವೈರ್‌ಲೆಸ್ ಮೌಸ್, ಬೆಲೆ ಸಾವಿರದ ಒಳಗೆ, ಒಂದು ಪೆನ್ಸಿಲ್ ಸೆಲ್ ಹಾಕಿದರೆ ತಿಂಗಳುಗಟ್ಟಲೆ ಓಡುತ್ತದೆ. ಕಂಪನಿ ದೊಡ್ಡದೇ. ಹೆಸರು ಹೇಳುತ್ತಿಲ್ಲ, ಯಾಕೆಂದರೆ ಇದೇ ಕಾಯಿಲೆ ಬೇರೆ ಕಂಪನಿಗಳ ಮೌಸಿಗೂ ಬರುತ್ತದೆ. ಇದನ್ನು ಬಳಸಲು ಶುರುಮಾಡಿ ಎರಡು ವರ್ಷ ದಾಟಿದೆ.

ನನ್ನದು ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಒಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡ್, ಹುಟ್ಟುಹಬ್ಬದ ಬ್ಯಾನರ್, ಪಹಣಿ ಪ್ರಿಂಟು, ಆನ್‌ಲೈನ್ ಅರ್ಜಿ. ಬೆಳಗ್ಗೆಯಿಂದ ರಾತ್ರಿವರೆಗೆ ಬಲಗೈ ಮೌಸಿನ ಮೇಲೇ ಇರುತ್ತದೆ. ಮನೆಯಲ್ಲಿ ದಿನಕ್ಕೊಂದು ಗಂಟೆ ವಿಡಿಯೋ ನೋಡೋರ ಅನುಭವಕ್ಕೂ ನನ್ನ ಅನುಭವಕ್ಕೂ ವ್ಯತ್ಯಾಸ ಇರುತ್ತದೆ ಅನ್ನೋದನ್ನ ಮೊದಲೇ ಹೇಳಿಬಿಡುತ್ತೇನೆ.

ಮೊದಲ ವರ್ಷ ದೂರುವುದಕ್ಕೆ ಏನೂ ಇರಲಿಲ್ಲ. ಅಂಗೈಗೆ ಸರಿಯಾಗಿ ಕೂರುತ್ತದೆ, ಹೆಬ್ಬೆರಳಿನ ಹತ್ತಿರ ರಬ್ಬರ್ ಇರುವುದರಿಂದ ಬೆವರಿಗೆ ಜಾರುವುದಿಲ್ಲ. ಸ್ಕ್ರಾಲ್ ವೀಲಂತೂ ಬಹಳ ಚೆನ್ನಾಗಿದೆ. ನೂರಾರು ಪುಟದ ಮತದಾರರ ಪಟ್ಟಿಯಲ್ಲಿ ಒಂದು ಹೆಸರು ಹುಡುಕಬೇಕಾದಾಗ ಒಂದೊಂದೇ ಹಲ್ಲಿನಷ್ಟು ಇಳಿಯುತ್ತದೆ, ಹಾರುವುದಿಲ್ಲ. ಹಳೇ ವೈರ್ ಮೌಸಿನಲ್ಲಿ ಕೆಳಗೆ ಹೋಗು ಎಂದರೆ ಮೇಲಕ್ಕೆ ಜಿಗಿಯುತ್ತಿತ್ತು.

ಬೆಳಗ್ಗೆ ಶಟರ್ ಎತ್ತಿ, ಬಾಗಿಲಿಗೆ ನೀರು ಚಿಮುಕಿಸಿ, ಊದುಬತ್ತಿ ಹಚ್ಚಿದ ಮೇಲೆ ನನ್ನ ಮೊದಲ ಕೆಲಸ ಮೌಸನ್ನು ಬೋರಲು ಹಾಕುವುದು. ಕೆಳಗಿನ ಸೆನ್ಸರ್ ತೂತಿನಲ್ಲಿ ಒಂದು ಕೂದಲೆಳೆ ಸಿಕ್ಕಿಕೊಂಡರೂ ಸ್ಕ್ರೀನ್ ಮೇಲೆ ಬಾಣ ನಡುಗುತ್ತದೆ. ಉಫ್ ಎಂದು ಊದಿ, ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ, ಅಡಿಯ ನುಣುಪು ಸ್ಟಿಕ್ಕರ್‌ಗಳ ಸುತ್ತ ಮೆತ್ತಿಕೊಂಡ ಕಪ್ಪು ಕೊಳೆಯನ್ನು ಉಗುರಿನಲ್ಲಿ ಕೆರೆದು ತೆಗೆಯುತ್ತೇನೆ. ಆಮೇಲೇ ಕಂಪ್ಯೂಟರ್ ಆನ್.

ಮೇಜಿನ ಮೇಲೆ ಗಾಜು ಹಾಸಿದೆ, ಗಾಜಿನ ಕೆಳಗೆ ವಿಸಿಟಿಂಗ್ ಕಾರ್ಡ್ ಸ್ಯಾಂಪಲ್‌ಗಳು. ಈ ಜಾತಿಯ ಮೌಸ್ ಗಾಜಿನ ಮೇಲೆ ಓಡುವುದಿಲ್ಲ. ಅದು ತನ್ನ ಕೆಳಗಿನ ಜಾಗದ ಫೋಟೋವನ್ನು ಸೆಕೆಂಡಿಗೆ ಸಾವಿರಕ್ಕೂ ಜಾಸ್ತಿ ಸಲ ತೆಗೆದು, ಒಂದಕ್ಕೊಂದು ಹೋಲಿಸಿ, ಯಾವ ಕಡೆ ಎಷ್ಟು ಸರಿಯಿತು ಎಂದು ಲೆಕ್ಕ ಹಾಕುತ್ತದೆ. ನಯವಾದ ಗಾಜಿನಲ್ಲಿ ಅದಕ್ಕೆ ಹಿಡಿದುಕೊಳ್ಳಲು ಒಂದು ಗುರುತೂ ಸಿಗುವುದಿಲ್ಲ. ಅದಕ್ಕೇ ಮಿಕ್ಕ ಲಗ್ನಪತ್ರಿಕೆಯ ರಟ್ಟೇ ನನ್ನ ಮೌಸ್ ಪ್ಯಾಡ್. ಹೊಳಪಿನ ಲ್ಯಾಮಿನೇಷನ್ ಇರುವುದು ಬೇಡ, ಬಾಣ ತಡವರಿಸುತ್ತದೆ. ಸ್ವಲ್ಪ ಒರಟಾಗಿರುವ ಮ್ಯಾಟ್ ಕಾರ್ಡು ಬೆಸ್ಟು. ಸವೆದರೆ ಬಿಸಾಕಿ ಇನ್ನೊಂದು ಇಡುವುದು. ಒಬ್ಬರ ಮದುವೆಯ ಮೇಲೆ ಇನ್ನೊಬ್ಬರ ಮದುವೆ ಡಿಸೈನ್ ಆಗುತ್ತಿರುತ್ತದೆ, ಯಾರೂ ತಕರಾರು ಮಾಡಿಲ್ಲ.

ಆಯುಧಪೂಜೆಗೆ ಪ್ರಿಂಟರ್, ಕಟಿಂಗ್ ಮೆಷಿನ್ ಜೊತೆ ಇದಕ್ಕೂ ಅರಿಶಿನ ಕುಂಕುಮ ಬಿತ್ತು. ಬಟನ್ ಸಂದಿಗೆ ಇಳಿದ ಕುಂಕುಮ ಇಂದಿಗೂ ಪೂರ್ತಿ ಹೋಗಿಲ್ಲ. ನಮ್ಮಮ್ಮನಿಗೆ ಅದೇ ಸಮಾಧಾನ.

ಮಧ್ಯದಲ್ಲಿ ಒಂದು ಸಣ್ಣ ಕಾಟ ಬಂತು. ಹೊಸ ಹಾರ್ಡ್ ಡಿಸ್ಕ್ ಹಾಕಿದ ಮೇಲೆ ಬಾಣ ನಿಂತು ನಿಂತು ಓಡತೊಡಗಿತು. ಸೆಲ್ ಬದಲಿಸಿದರೂ ಅದೇ ಕತೆ. ಮೌಸಿನ ಪುಟ್ಟ ರಿಸೀವರ್ ಸಿಪಿಯು ಹಿಂದುಗಡೆ, ಹಾರ್ಡ್ ಡಿಸ್ಕಿನ ನೀಲಿ ಯುಎಸ್‌ಬಿ 3.0 ಪೋರ್ಟಿನ ಪಕ್ಕದಲ್ಲೇ ಇತ್ತು. ಯುಎಸ್‌ಬಿ 3.0 ಕೆಲಸ ಮಾಡುವಾಗ ಹೊರಬರುವ ರೇಡಿಯೋ ಗಲಾಟೆ, ವೈರ್‌ಲೆಸ್ ಮೌಸ್ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಬಂದು ಬೀಳುತ್ತದೆ. ಇಂಟೆಲ್ ಕಂಪನಿಯವರೇ 2012ರಲ್ಲಿ ಇದನ್ನು ಅಳೆದು ಬರೆದಿದ್ದಾರೆ. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ತಂದು ರಿಸೀವರ್ ಅನ್ನು ಮೇಜಿನ ಮೇಲೆ, ಮೌಸಿನ ಹತ್ತಿರ ಇಟ್ಟೆ. ಅಷ್ಟೇ, ಸರಿಹೋಯಿತು. ಅದಕ್ಕೆ ಮೌಸನ್ನು ಬೈಯುವ ಹಾಗಿಲ್ಲ.

ಬೈಯಬೇಕಾದ್ದು ಎಡಗಡೆ ಬಟನ್ನನ್ನು.

ಮಾಘ ಮಾಸದ ಮದುವೆ ಸೀಸನ್ನು. ಬಾಗೇಪಲ್ಲಿ ಕಡೆಯ ಒಬ್ಬರು ಲಗ್ನಪತ್ರಿಕೆ ಮಾಡಿಸಲು ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತಿದ್ದರು. ಡಿಸೈನ್ ಮಾಡುವ ಸಾಫ್ಟ್‌ವೇರ್ ಕೋರೆಲ್ ಡ್ರಾದಲ್ಲಿ ಗಣಪತಿ ಚಿತ್ರ ಹಿಡಿದು ಮೇಲಕ್ಕೆ ಎಳೆಯುತ್ತಿದ್ದೇನೆ, ಅರ್ಧ ದಾರಿಯಲ್ಲಿ ಕೈಬಿಟ್ಟು ವಧುವಿನ ತಂದೆಯ ಹೆಸರಿನ ಮೇಲೆ ಕೂತ. ಮತ್ತೆ ಹಿಡಿದೆ. ಈ ಸಲ ಮೂಲೆಗಳಲ್ಲಿ ತಿರುಗಿಸುವ ಬಾಣಗಳು ಬಂದವು. ಕೋರೆಲ್‌ನಲ್ಲಿ ಚಿತ್ರದ ಮೇಲೆ ಒಂದು ಸಲ ಒತ್ತಿದರೆ ಚಿಕ್ಕದು ದೊಡ್ಡದು ಮಾಡುವ ಹಿಡಿಕೆ ಬರುತ್ತದೆ, ಇನ್ನೊಂದು ಸಲ ಒತ್ತಿದರೆ ತಿರುಗಿಸುವ ಹಿಡಿಕೆ. ನಾನು ಒತ್ತಿದ್ದು ಒಂದು ಸಲ. ಮೌಸ್ ಒತ್ತಿದ್ದು ಎರಡು ಸಲ. ದೊಡ್ಡದು ಮಾಡೋಣ ಎಂದು ಮೂಲೆ ಹಿಡಿದು ಎಳೆದರೆ ದೇವರು ವಾರೆಯಾಗಿ ನಿಂತ.

“ಅನ್ನಾ, ವಿನಾಯಕುಡು ಒರಿಗಿಪೋಯಾಡು” ಎಂದರು ಅವರು, ಸ್ವಲ್ಪ ಗಾಬರಿಯಲ್ಲೇ. ಮದುವೆ ಮನೆಯವರಿಗೆ ಶಕುನದ ಚಿಂತೆ ಇರುತ್ತದಲ್ವಾ. ಕಂಟ್ರೋಲ್ ಝಡ್ ಒತ್ತಿ ಒತ್ತಿ ಹೇಗೋ ಮುಗಿಸಿದೆ.

ಅವತ್ತಿನಿಂದ ದಿನಾ ಇದೇ. ಫೈಲ್ ಆಯ್ಕೆ ಮಾಡಲು ಹೋದರೆ ತೆರೆದುಕೊಳ್ಳುತ್ತದೆ. ನಾಲ್ಕು ಸಾಲು ಆಯ್ಕೆ ಮಾಡಲು ಎಳೆದರೆ ಎರಡನೇ ಸಾಲಿಗೆ ಹಿಡಿತ ತಪ್ಪುತ್ತದೆ. ಒಂದು ವಿಂಡೋ ಮುಚ್ಚಿದರೆ ಹಿಂದಿನದೂ ಮುಚ್ಚಿಕೊಳ್ಳುತ್ತದೆ. ಅರ್ಜಿ ತುಂಬಿ ಕೊನೆಯ ಬಟನ್ ಒತ್ತುವಾಗ ಎರಡು ಸಲ ಹೋದರೆ ಏನಾಗುತ್ತದೋ ಎಂಬ ಭಯ ಬೇರೆ.

ಕಂಟ್ರೋಲ್ ಪ್ಯಾನಲ್‌ನಲ್ಲಿ ಡಬಲ್ ಕ್ಲಿಕ್ ಸ್ಪೀಡ್ ಬದಲಿಸಿ ಎಂದು ಎಲ್ಲರೂ ಹೇಳುತ್ತಾರೆ. ಈ ಕಾಯಿಲೆಗೆ ಅದು ಮದ್ದಲ್ಲ. ವಿಂಡೋಸ್ ಸುಮ್ನೆ ಬಿಟ್ಟರೆ 500 ಮಿಲಿಸೆಕೆಂಡಿನ ಒಳಗೆ ಬಂದ ಎರಡು ಒತ್ತನ್ನು ಡಬಲ್ ಕ್ಲಿಕ್ ಎಂದು ಹಿಡಿಯುತ್ತದೆ. ಸ್ಪೀಡ್ ಬದಲಿಸುವ ಪಟ್ಟಿಯನ್ನು ಕೊನೆವರೆಗೆ ಸರಿಸಿದರೂ 200ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಕೆಟ್ಟ ಸ್ವಿಚ್ ಅದಕ್ಕಿಂತ ಎಷ್ಟೋ ಬೇಗ ಎರಡನೇ ಒತ್ತು ಕಳಿಸಿಬಿಡುತ್ತದೆ.

ಪರೀಕ್ಷೆಗೆ ಸುಲಭದ ದಾರಿ ವಿಂಡೋಸ್‌ನಲ್ಲಿ ಚಿತ್ರ ಬಿಡಿಸುವ ಪೇಂಟ್ ಪ್ರೋಗ್ರಾಮ್. ಪೆನ್ಸಿಲ್ ತಗೊಂಡು, ಎಡ ಬಟನ್ ಒತ್ತಿ ಹಿಡಿದು, ನಿಧಾನವಾಗಿ ಉದ್ದ ಗೆರೆ ಎಳೆಯಿರಿ. ಗೆರೆ ಅಲ್ಲಲ್ಲಿ ತುಂಡಾದರೆ ಬಟನ್ ಒಳಗಿನ ಸ್ವಿಚ್ ಹಿಡಿತ ಬಿಡುತ್ತಿದೆ ಎಂದರ್ಥ. ಆಮೇಲೆ ಅದೇ ಮೌಸನ್ನು ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ. ಅಲ್ಲೂ ತುಂಡಾದರೆ ವಿಂಡೋಸ್, ಡ್ರೈವರ್, ವೈರಸ್ ಎಂದೆಲ್ಲ ತಲೆ ಕೆಡಿಸಿಕೊಳ್ಳುವುದೇ ಬೇಡ.

ಬಟನ್ ಸಂದಿಗೆ ಬಾಯಿಂದ ಬಿಸಿ ಉಸಿರು ಊದಿದರೆ ಸ್ವಲ್ಪ ಹೊತ್ತು ಸರಿಯಾಗುತ್ತಿತ್ತು, ಮತ್ತೆ ಶುರು. ಕೊನೆಗೆ ಸೆಟ್ಟಿಂಗ್ಸ್‌ನಲ್ಲಿ ಎಡ ಬಲ ಅದಲು ಬದಲು ಮಾಡಿಕೊಂಡೆ. ಬಲಗಡೆ ಬಟನ್ ಜಾಸ್ತಿ ಬಳಕೆಯಾಗಿರುವುದಿಲ್ಲ, ಅದು ಇನ್ನೂ ಗಟ್ಟಿ. ಒಂದು ವಾರ ನನಗೇ ತಲೆ ತಿರುಗಿತು. ನಾನು ಊಟಕ್ಕೆ ಹೋದಾಗ ಅಂಗಡಿ ನೋಡಿಕೊಳ್ಳುವ ತಮ್ಮನಂತೂ “ಅಣ್ಣ, ಇದನ್ನ ಮೊದಲಿನ ಥರ ಮಾಡು, ಇಲ್ಲಾಂದ್ರೆ ನಾನು ಕೂರಲ್ಲ” ಎಂದುಬಿಟ್ಟ.

ಇನ್ನು ಕಂಪನಿ ಕತೆ. ಡಬ್ಬಿಯ ಮೇಲೆ ಮೂರು ವರ್ಷ ವಾರಂಟಿ ಎಂದು ದಪ್ಪಕ್ಷರದಲ್ಲಿ ಇದೆ. ಸಹಾಯವಾಣಿಗೆ ಫೋನ್ ಮಾಡಿದರೆ ಸೆಲ್ ಬದಲಿಸಿ, ಪ್ಯಾಡ್ ಬದಲಿಸಿ, ಬೇರೆ ಪೋರ್ಟಿಗೆ ಹಾಕಿ, ಡ್ರೈವರ್ ತೆಗೆದು ಮತ್ತೆ ಹಾಕಿ. ಎಲ್ಲ ಆಗಿದೆ ಸರ್ ಎಂದರೂ ಮತ್ತೆ ಮೊದಲಿನಿಂದ. ವಿಡಿಯೋ ಕಳಿಸಿ ಎಂದರು, ಪೇಂಟಿನಲ್ಲಿ ತುಂಡು ಗೆರೆ ಎಳೆದು ಕಳಿಸಿದೆ. ಬಿಲ್ ಕೇಳಿದರು, ಕಳಿಸಿದೆ. ಆಮೇಲೆ ಸೀರಿಯಲ್ ನಂಬರ್ ಫೋಟೋ ಕಳಿಸಿ ಎಂದರು.

ಸೀರಿಯಲ್ ನಂಬರ್ ಎಲ್ಲಿದೆ? ಮೌಸಿನ ಅಡಿಯಲ್ಲಿ, ಸಣ್ಣ ಬೂದು ಅಕ್ಷರದಲ್ಲಿ. ದಿನಾ ಒರೆಸುವ ಜಾಗದಲ್ಲಿ. ಎರಡು ವರ್ಷದಲ್ಲಿ ಅರ್ಧ ಅಂಕಿಗಳು ಅಳಿಸಿಹೋಗಿದ್ದವು. ಮೊದಲ ನಾಲ್ಕು ಕಾಣುತ್ತವೆ, ಉಳಿದವು ಬರೀ ನೆರಳು. ಡಬ್ಬಿಯ ಮೇಲಿನ ನಂಬರ್ ನಡೆಯುವುದಿಲ್ಲವಂತೆ, ಮೌಸಿನ ಮೇಲಿನದೇ ಬೇಕಂತೆ. ಮೂರು ವರ್ಷದ ವಾರಂಟಿ ಕೊಡುವವರು ಮೂರು ವರ್ಷ ನಿಲ್ಲುವ ಇಂಕಿನಲ್ಲಿ ನಂಬರ್ ಒತ್ತಬೇಕಲ್ವಾ? ಬೇಕಿದ್ದರೆ ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಖುದ್ದಾಗಿ ಬನ್ನಿ, ನೋಡಿ ಹೇಳುತ್ತೇವೆ ಎಂದರು. ಅರವತ್ತು ಕಿಲೋಮೀಟರ್ ಹತ್ತಿರ ಬಸ್ಸಿನಲ್ಲಿ ಹೋಗಿ ಬಂದರೆ ಚಾರ್ಜು, ಊಟ, ಸೀಸನ್ನಿನಲ್ಲಿ ಒಂದು ದಿನ ಅಂಗಡಿ ಬಂದ್. ಮೌಸಿನ ಬೆಲೆಗಿಂತ ಅದೇ ಜಾಸ್ತಿ. ಅಲ್ಲಿಗೆ ಕೈ ಮುಗಿದೆ.

ಕೊನೆಗೆ ಪಕ್ಕದ ಮೊಬೈಲ್ ರಿಪೇರಿ ಹುಡುಗನ ಹತ್ತಿರ ಕೊಟ್ಟೆ. ಮೇಲೆ ನೋಡಿದರೆ ಒಂದೂ ಸ್ಕ್ರೂ ಕಾಣುವುದಿಲ್ಲ. ಅಡಿಯ ಸ್ಟಿಕ್ಕರ್‌ಗಳನ್ನು ಬ್ಲೇಡಿನಲ್ಲಿ ಎಬ್ಬಿಸಿದರೆ ಅವುಗಳ ಕೆಳಗೆ ಅಡಗಿಕೊಂಡಿರುತ್ತವೆ, ಒಂದು ಸೆಲ್ ಕೂರುವ ಜಾಗದಲ್ಲಿ. ಬಿಚ್ಚಿದಾಗ ಒಳಗೆ ಇದ್ದದ್ದು ಅಂಗೈ ಅಗಲದ ಹಸಿರು ಬೋರ್ಡು, ಎಡಕ್ಕೊಂದು ಬಲಕ್ಕೊಂದು ಉಗುರಿನಷ್ಟು ಕಪ್ಪು ಡಬ್ಬಿ, ಮತ್ತೆ ಆ ಕುಂಕುಮ.

ಆ ಕಪ್ಪು ಡಬ್ಬಿಯೇ ಮೈಕ್ರೋಸ್ವಿಚ್. ಅದರ ಮುಚ್ಚಳವನ್ನು ಅವನು ಟ್ವೀಜರ್‌ನಲ್ಲಿ ಎಬ್ಬಿಸಿ ಭೂತಗನ್ನಡಿಯಲ್ಲಿ ತೋರಿಸಿದ. ಒಳಗೆ ತಾಮ್ರದ ಬಣ್ಣದ ತೆಳು ಪಟ್ಟಿ, ಅದರ ನಡುವೆ ಕತ್ತರಿಸಿ ಬಗ್ಗಿಸಿದ ಒಂದು ನಾಲಗೆ. ಜಾತ್ರೆಯಲ್ಲಿ ಮಕ್ಕಳು ಟಿಕ್ ಟಿಕ್ ಎನಿಸುವ ತಗಡಿನ ಕಪ್ಪೆಯ ಥರವೇ ಕೆಲಸ: ಒತ್ತಿದರೆ ಪಟಕ್ಕನೆ ಕೆಳಗೆ, ಬಿಟ್ಟರೆ ಪಟಕ್ಕನೆ ಮೇಲಕ್ಕೆ. ಕಾಲ ಕಳೆದ ಹಾಗೆ ಪಟ್ಟಿಯ ಬಿಗಿ ಸಡಿಲವಾಗುತ್ತದೆ, ತಾಗುವ ಜಾಗ ಕಪ್ಪಗಾಗುತ್ತದೆ. ಆಗ ಒಂದು ಸಲ ತಾಗಬೇಕಾದ್ದು ತಾಗಿ, ಬಿಟ್ಟು, ಮತ್ತೆ ತಾಗುತ್ತದೆ. ಹೊಸ ಸ್ವಿಚ್ಚೂ ಸ್ವಲ್ಪ ಕುಪ್ಪಳಿಸುತ್ತದೆ. ಆದರೆ ಮೌಸಿನ ಒಳಗಿನ ಚಿಪ್ ಮೊದಲ ಕೆಲವು ಮಿಲಿಸೆಕೆಂಡು ಬಂದ ಕುಪ್ಪಳಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಗಡುವನ್ನು ಮೀರಿ ಕುಪ್ಪಳಿಸಿದ್ದು ನಮಗೆ ಡಬಲ್ ಕ್ಲಿಕ್ ಆಗಿ ಕಾಣುತ್ತದೆ.

ಇಂಥ ಸ್ವಿಚ್‌ಗಳಿಗೆ 1 ಕೋಟಿ, 2 ಕೋಟಿ ಒತ್ತಿನ ಆಯಸ್ಸು ಎಂದು ಬರೆದಿರುತ್ತಾರೆ. ದಿನಕ್ಕೆ 5,000 ಒತ್ತು ಎಂದು ಇಟ್ಟುಕೊಂಡರೂ 1 ಕೋಟಿ ಮುಗಿಯಲು 2,000 ದಿನ, ಅಂದರೆ ಐದು ವರ್ಷ ಮೀರಬೇಕು. ನನ್ನದು ಅದರ ಅರ್ಧಕ್ಕೂ ನಿಲ್ಲಲಿಲ್ಲ. ಮೌಸಿನಲ್ಲಿ ಹರಿಯುವ ಕರೆಂಟು ತೀರಾ ಕಡಿಮೆ. ಜಾಸ್ತಿ ಕರೆಂಟು ಹರಿಯುವ ಕಡೆ ಕಪ್ಪು ಪದರ ತಾನೇ ಸುಟ್ಟುಹೋಗುತ್ತದೆ, ಇಲ್ಲಿ ಅದು ಹಾಗೇ ಕೂತುಬಿಡುತ್ತದೆ.

ಆ ಪಟ್ಟಿಯನ್ನೇ ಮತ್ತೆ ಬಗ್ಗಿಸಿ ಕೂರಿಸಬಹುದು, ಆದರೆ ಅದು ಸಾಸಿವೆ ಕಾಳಿಗಿಂತ ಸ್ವಲ್ಪವೇ ದೊಡ್ಡ ವಸ್ತು, ಕೈ ನಡುಗಿದರೆ ಕತೆ ಮುಗಿಯಿತು. ಅವನು ಆ ಗೋಜಿಗೆ ಹೋಗಲಿಲ್ಲ. ನನ್ನ ಹತ್ತಿರ ಬಿದ್ದಿದ್ದ ಆ ಹಳೇ ವೈರ್ ಮೌಸಿನ ಬಲಗಡೆ ಸ್ವಿಚ್ ಬಿಚ್ಚಿ, ಮೂರು ಕಾಲನ್ನೂ ಬೆಸುಗೆ ಹಾಕಿ ಇದರ ಎಡಗಡೆಗೆ ಕೂರಿಸಿದ. ಒಂದು ಟೀ ತರಿಸಿ ಕುಡಿಯುವಷ್ಟರಲ್ಲಿ ಮುಗಿಯಿತು. ಐವತ್ತು ರೂಪಾಯಿ ತಗೊಂಡ. ಹೊಸ ಸ್ವಿಚ್ ಬೇಕೆಂದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಯಾಗಿ ಸಿಗುತ್ತದೆ, ಬೆಲೆ ಏನೂ ಜಾಸ್ತಿ ಇಲ್ಲ. ಆ ಕಡೆ ಹೋಗುವವರ ಹತ್ತಿರ ಎರಡು ತರಿಸಿ ಡ್ರಾಯರ್‌ನಲ್ಲಿ ಇಟ್ಟಿದ್ದೇನೆ.

ಇಲ್ಲಿಂದ ನನ್ನ ಕೋಪ ಸ್ವಲ್ಪ ಇಳಿಯಿತು ಅನ್ನಬೇಕು. ಹೊಸದಾಗಿ ಕೊಂಡಾಗ ಇದರ ಬಟನ್ ಸಪ್ಪೆಯಾಗಿ ಟುಕ್ ಎನ್ನುತ್ತಿತ್ತು. ಈಗ ಎಡಗಡೆಯದು ಗಟ್ಟಿಯಾಗಿ ಟಕ್ ಎನ್ನುತ್ತದೆ. ಒತ್ತಿದ್ದು ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಅಕ್ಷರಗಳ ನಡುವಿನ ಜಾಗ ಸರಿಮಾಡುತ್ತ ಕೂತಾಗ ಆ ಸದ್ದು ಕೇಳಲು ಖುಷಿ. ಅಂಗಡಿಯಿಂದ ಬಂದದ್ದಕ್ಕಿಂತ ಪಕ್ಕದ ಹುಡುಗ ಕೊಟ್ಟದ್ದೇ ಒಳ್ಳೇ ಮೌಸ್. ಬೆಸುಗೆ ಹಾಕಿ ಕೆಲವು ತಿಂಗಳಾದವು, ಪೇಂಟಿನಲ್ಲಿ ಗೆರೆ ಒಂದು ಕಡೆಯೂ ತುಂಡಾಗಿಲ್ಲ.

ಕೊಳ್ಳಬೇಕಾ ಅಂದರೆ, ಮನೆಗೆ, ಮಕ್ಕಳ ಓದಿಗೆ, ಸುಮ್ನೆ ಮೇಲ್ ನೋಡೋಕೆ ಆದರೆ ಕೊಳ್ಳಿ. ಕೈಗೆ ಹಿತ, ವೀಲು ಚೆನ್ನ, ಸೆಲ್ ಉಳಿತಾಯ. ಅಷ್ಟು ಬಳಕೆಗೆ ಸ್ವಿಚ್ ಬೇಗ ಕೆಡಲಾರದು. ದಿನವಿಡೀ ಎಳೆದು ಬಿಡುವ ಡಿಟಿಪಿ ಕೆಲಸಕ್ಕಾದರೆ, ಬೆಸುಗೆ ಬಲ್ಲ ಪಕ್ಕದ ಅಂಗಡಿ ಇಲ್ಲದಿದ್ದರೆ, ಮುನ್ನೂರು ನಾನೂರು ರೂಪಾಯಿಯ ವೈರ್ ಮೌಸ್ ಎರಡು ತಗೊಂಡು ಒಂದನ್ನು ಕಪಾಟಿನಲ್ಲಿ ಇಡಿ. ವಾರಂಟಿ ನಂಬಿಕೊಂಡು ಜಾಸ್ತಿ ದುಡ್ಡು ಕೊಡಬೇಡಿ. ಕೊಟ್ಟರೂ, ಡಬ್ಬಿ ಬಿಚ್ಚಿದ ದಿನವೇ ಅಡಿಯ ನಂಬರಿನ ಫೋಟೋ ತೆಗೆದು, ಅದರ ಮೇಲೆ ಒಂದು ತುಂಡು ಸೆಲ್ಲೋ ಟೇಪ್ ಅಂಟಿಸಿ.

ಐದಕ್ಕೆ ಮೂರು ಸ್ಟಾರ್. ಎಬ್ಬಿಸಿದ ಸ್ಟಿಕ್ಕರ್ ಮತ್ತೆ ಸರಿಯಾಗಿ ಅಂಟದೆ ಮೌಸ್ ಒಂದು ಮೂಲೆಯಲ್ಲಿ ಸ್ವಲ್ಪ ಅಲ್ಲಾಡುತ್ತದೆ. ಅದಕ್ಕೆ ಫೆವಿಕ್ವಿಕ್ ಹಾಕಬೇಡಿ, ಮುಂದಿನ ಸಲ ಬಿಚ್ಚೋಕಾಗಲ್ಲ. ಡಬಲ್ ಸೈಡ್ ಟೇಪ್ ಸಾಕು.