ಕೊಂಡ ಮಣ್ಣು, ಕಲಸಿದ ಮಣ್ಣು ಮತ್ತು ಬೋರ್‌ವೆಲ್ ನೀರಿನಲ್ಲಿ ಬೇವಿನೆಣ್ಣೆ

ಕಳೆದ ಫೆಬ್ರವರಿಯಲ್ಲಿ, ಯುಗಾದಿಯ ಹೊತ್ತಿಗೆ ತಾರಸಿ ಹಸಿರಾಗಿರಬೇಕು ಎಂಬ ಆಸೆಯಿಂದ ಗಿಡ ಬೆಳೆಸುವ ಚೀಲಗಳನ್ನು, ಅಂದರೆ ಗ್ರೋ ಬ್ಯಾಗ್‌ಗಳನ್ನು, ಹದಿನಾರು ತಂದೆ. ಎಂಟಕ್ಕೆ ಅಂಗಡಿಯಲ್ಲಿ ಚೀಲಗಟ್ಟಿ ಮಾರುವ ಪಾಟಿಂಗ್ ಮಿಕ್ಸ್ ತುಂಬಿದೆ. ಉಳಿದ ಎಂಟಕ್ಕೆ ಕೆಮ್ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ ಮತ್ತು ಎಲೆಗೊಬ್ಬರವನ್ನು ನಾನೇ ಕಲಸಿ ತುಂಬಿದೆ. ಮೊದಲ ಎಂಟಕ್ಕೆ 1,900 ರೂಪಾಯಿ ಹೋಯಿತು, ಎರಡನೆಯ ಎಂಟಕ್ಕೆ ಆಟೋ ಬಾಡಿಗೆಯೂ ಸೇರಿ 640. ಇನ್ನು ಮುಂದೆ ನಾನು ಚೀಲದ ಮಿಶ್ರಣವನ್ನು ಕೊಳ್ಳುವುದಿಲ್ಲ. ಹಣ ಇದಕ್ಕೆ ಒಂದು ಕಾರಣ ಮಾತ್ರ.

ನಾನು ತಂದ ಮಿಶ್ರಣದಲ್ಲಿ ಮುಕ್ಕಾಲು ಪಾಲು ಕೋಕೋಪೀಟ್ ಇತ್ತು. ತೆಂಗಿನ ನಾರಿನ ಈ ಪುಡಿ ನೀರನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ, ಹಗುರವೂ ಹೌದು. ಬೀಜ ಮೊಳೆಸಲು ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಆದರೆ ಅದರಲ್ಲಿ ಗಿಡಕ್ಕೆ ಬೇಕಾದ ಪೋಷಕಾಂಶ ತೀರಾ ಕಡಿಮೆಯಾದ್ದರಿಂದ ಗಿಡ ಅದರ ಜೊತೆಗೆ ಬೆರೆಸಿದ ಗೊಬ್ಬರವನ್ನೇ ನಂಬಬೇಕು, ಆ ಗೊಬ್ಬರ ಐದಾರು ವಾರಗಳಲ್ಲಿ ಮುಗಿದಂತೆ ಕಂಡಿತು. ಟೊಮೇಟೊ ಸಸಿಗಳು ಮೊದಲ ತಿಂಗಳು ಮಣ್ಣಿನ ಚೀಲದವುಗಳಿಗಿಂತ ಎತ್ತರವಾಗಿದ್ದು, ಹೂ ಬಿಡುವ ಹೊತ್ತಿಗೆ ಕೆಳಗಿನ ಎಲೆಗಳು ಹಳದಿಗೆ ತಿರುಗಿದವು. ಮಾರ್ಚ್‌ನಲ್ಲಿ ಎರಡು ದಿನ ತುಮಕೂರಿಗೆ ಹೋಗಿ ಬಂದಾಗ ಮಿಶ್ರಣವು ಒಣಗಿ, ಕುಗ್ಗಿ, ಚೀಲದ ಅಂಚನ್ನೇ ಬಿಟ್ಟಿತ್ತು. ಹಾಕಿದ ನೀರೆಲ್ಲ ಆ ಸಂದಿನಲ್ಲಿ ಇಳಿದು ತಳದ ತೂತಿನಿಂದ ಹೊರಟುಹೋಯಿತು, ನಡುವಿನ ಬೇರು ಮಾತ್ರ ಒಣಗಿಯೇ ಉಳಿಯಿತು. ಒಂದೊಂದು ಚೀಲವನ್ನೂ ಟಬ್ಬಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು ಬದುಕಿಸಬೇಕಾಯಿತು. 2024ರ ಮಾರ್ಚ್‌ನಲ್ಲಿ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಬೆಂಗಳೂರು ಜಲಮಂಡಳಿ ಆದೇಶಿಸಿದ್ದನ್ನು ಕಂಡ ಈ ಊರಿನಲ್ಲಿ, ತಳದಿಂದ ಸುರಿದುಹೋಗುವ ಒಂದೊಂದು ಚೊಂಬು ನೀರೂ ನನ್ನ ಮನಸ್ಸನ್ನು ಚುಚ್ಚುತ್ತದೆ.

ನಾನು ಕಲಸಿದ ಮಣ್ಣಿನ ಅಳತೆ ಸರಳ: ಎರಡು ಬಾಂಡಲಿ ಕೆಮ್ಮಣ್ಣು, ಒಂದು ಬಾಂಡಲಿ ಕೊಟ್ಟಿಗೆ ಗೊಬ್ಬರ, ಒಂದು ಬಾಂಡಲಿ ಎಲೆಗೊಬ್ಬರ, ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ. ಎಲೆಗೊಬ್ಬರಕ್ಕೆ ದುಡ್ಡು ಕೊಟ್ಟಿಲ್ಲ. ನಮ್ಮ ಬೀದಿಯ ಹೊಂಗೆ ಮರಗಳು ಬೇಸಿಗೆ ಕಾಲಿಡುವ ಮುನ್ನ ಉದುರಿಸುವ ಎಲೆಯನ್ನು ಹಿಂದಿನ ವರ್ಷವೇ ಗುಡಿಸಿ ತಂದು, ತೂತು ಕೊರೆದ ಡ್ರಮ್ಮಿನಲ್ಲಿ ತುಂಬಿ, ಆಗಾಗ ಹುಳಿ ಮಜ್ಜಿಗೆ ಚಿಮುಕಿಸಿ ಕೊಳೆಸಿದ್ದೆ. ಈ ಮಣ್ಣಿನ ಕುಂದುಗಳನ್ನೂ ಹೇಳಬೇಕು. ಅದು ಭಾರ, ಮೂರನೆಯ ಮಹಡಿಗೆ ಹೊರುವುದು ಸುಲಭವಲ್ಲ. ಕಳೆಬೀಜ ಇದ್ದೇ ಇರುತ್ತದೆ. ಗೊಬ್ಬರ ಅರೆಬರೆ ಕೊಳೆತದ್ದಾದರೆ ಬೇರು ಸುಡುತ್ತದೆ, ಜೊತೆಗೆ ಗೊಣ್ಣೆಹುಳುವೂ ಬರುತ್ತದೆ. ಹಾಗಾಗಿ ಸಗಣಿಯ ವಾಸನೆ ಪೂರ್ತಿ ಹೋಗಿ ಮಳೆ ಬಿದ್ದ ಮಣ್ಣಿನ ವಾಸನೆ ಬರುವ ಗೊಬ್ಬರವನ್ನು ಮಾತ್ರ ಜರಡಿ ಹಿಡಿದು ಬಳಸಬೇಕು. ಇಷ್ಟಾದರೂ ಅದೇ ತುಮಕೂರಿನ ಎರಡು ದಿನ ಈ ಎಂಟು ಚೀಲಗಳು ಬಾಡಲಿಲ್ಲ.

ಬೀಜದ ವಿಷಯದಲ್ಲಿ ಹೋಲಿಕೆಯೇ ಬೇಕಿಲ್ಲ: ಬೆಂಡೆಗೆ ಅರ್ಕಾ ಅನಾಮಿಕ ತಳಿ, ಅಷ್ಟೇ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕೀಟದ ಔಷಧಿ. ಮಾರ್ಚ್ ಬಿಸಿಲು ಏರುತ್ತಿದ್ದಂತೆ ಬೆಂಡೆ ಮತ್ತು ಬದನೆಯ ಎಲೆಯ ಅಡಿಯಲ್ಲಿ ಬಿಳಿ ನೊಣ, ದಾಸವಾಳದ ಚಿಗುರಿನಲ್ಲಿ ಹಿಟ್ಟು ತಿಗಣೆ, ಮೆಣಸಿನ ಗಿಡದಲ್ಲಿ ಎಲೆ ಮುದುರಿಸುವ ನುಸಿ ಕಾಣಿಸಿಕೊಂಡವು. ಸ್ಪ್ರೇ ಬಾಟಲಿಯಲ್ಲೇ ಸಿದ್ಧವಾಗಿ ಬರುವ ಬೇವಿನ ಔಷಧಿಯನ್ನು ಮೊದಲು ತಂದೆ. ಅದು ಕೆಲಸ ಮಾಡಿತು. ಆದರೆ ಅರ್ಧ ಲೀಟರಿಗೆ 260 ರೂಪಾಯಿ, ಹದಿನಾರು ಚೀಲಕ್ಕೆ ಎರಡೇ ಸುತ್ತಿನಲ್ಲಿ ಖಾಲಿ. ವಾರಕ್ಕೊಮ್ಮೆ ಹೊಡೆಯಬೇಕಾದ ಔಷಧಿಗೆ ಈ ಬೆಲೆ ನನ್ನ ಕೈಗೆ ಮೀರಿದ್ದು.

ಆಮೇಲೆ, ಎಲ್ಲರೂ ಹೇಳುವಂತೆ, ಗಾಣದ ಬೇವಿನೆಣ್ಣೆ ತಂದು ಲೀಟರಿಗೆ 5 ಮಿಲಿಯಂತೆ ಸೋಪಿನ ನೀರಿನೊಂದಿಗೆ ಬೆರೆಸಿದೆ. ತೊಂದರೆ ಇಲ್ಲಿಂದ ಶುರುವಾಯಿತು. ಬೆರೆಸಿದ ಐದೇ ನಿಮಿಷಕ್ಕೆ ಎಣ್ಣೆ ಬೇರ್ಪಟ್ಟು ಮೇಲೆ ಉಂಗುರ ಕಟ್ಟಿತು. ಅದರ ಕೆಳಗೆ ಮೊಸರು ಒಡೆದಂತಹ ಬಿಳಿ ಗಷ್ಟು. ಆ ಗಷ್ಟು ಸ್ಪ್ರೇಯರಿನ ಮೂತಿಯಲ್ಲಿ ಸಿಕ್ಕಿಕೊಂಡು, ಪ್ರತಿ ಎರಡು ಗಿಡಕ್ಕೊಮ್ಮೆ ಮೂತಿ ಬಿಚ್ಚಿ ಸೂಜಿಯಿಂದ ಚುಚ್ಚಬೇಕಾಯಿತು. ಮೊದಲ ಗಿಡಗಳಿಗೆ ಬಹುತೇಕ ಬರೀ ನೀರು ಬಿದ್ದಿತ್ತು, ಕೊನೆಯ ಗಿಡಗಳಿಗೆ ಬಹುತೇಕ ಬರೀ ಎಣ್ಣೆ. ಮರುದಿನ ಬಿಸಿಲಿಗೆ ಕೊನೆಯ ಬೆಂಡೆ ಗಿಡದ ಐದು ಎಲೆಗಳು ಸುಟ್ಟು ಕಂದಾದವು, ಮೊದಲ ಗಿಡದ ಬಿಳಿ ನೊಣ ಮಾತ್ರ ಹಾಗೆಯೇ ಇತ್ತು. ಸೋಪಿನ ಪ್ರಮಾಣವನ್ನು ಇಮ್ಮಡಿ ಮಾಡಿದೆ, ಗಷ್ಟೂ ಇಮ್ಮಡಿಯಾಯಿತು. ಎಣ್ಣೆಯೇ ಕಲಬೆರಕೆ ಎಂದು ಭಾವಿಸಿ ಬೇರೆ ಎಣ್ಣೆ ತಂದೆ, ಅದೂ ಹಾಗೆಯೇ ಆಯಿತು. ಹೀಗೆ ಮೂರು ವಾರ ಕಳೆದುಹೋದವು.

ಕೆಳಮನೆಯ ಅಜ್ಜಿ ಒಂದು ಸಂಜೆ ಇದನ್ನು ನೋಡಿ, “ಈ ಬೋರ್ ನೀರಿಗೆ ಸೋಪು ಎಲ್ಲಿ ನೊರೆ ಬರುತ್ತಮ್ಮ, ಅಂಟುವಾಳ ನೆನೆಹಾಕಿ ನೋಡು” ಎಂದರು. ಕಾರಣ ಅವರ ಮಾತಿನಲ್ಲೇ ಇತ್ತು. ನಮ್ಮ ಮನೆಗೆ ಬರುವುದು ಬೋರ್‌ವೆಲ್‌ನ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ನೀರಿನಲ್ಲಿ ಕರಗದ ಗಷ್ಟಾಗುವುದರಿಂದ, ಎಣ್ಣೆಯನ್ನು ನೀರಿನೊಂದಿಗೆ ಹಿಡಿದಿಡಲು ಸೋಪೇ ಉಳಿಯುವುದಿಲ್ಲ. ಅಂಟುವಾಳದ ನೊರೆ ಬರುವುದು ಸಪೋನಿನ್ ಎಂಬ ಬೇರೆಯೇ ವಸ್ತುವಿನಿಂದ, ಗಡಸು ನೀರು ಅದನ್ನು ಹಾಗೆ ಒಡೆಯುವುದಿಲ್ಲ. ಗ್ರಂಥಿಗೆ ಅಂಗಡಿಯಿಂದ ಕಾಲು ಕಿಲೋ ಅಂಟುವಾಳ ತಂದು, ಮೂರು ಗಾಜಿನ ಲೋಟಗಳಲ್ಲಿ ಪರೀಕ್ಷಿಸಿದೆ: ಬೋರ್ ನೀರಿಗೆ ಸೋಪು, ಹಿಡಿದಿಟ್ಟ ಮಳೆನೀರಿಗೆ ಸೋಪು, ಬೋರ್ ನೀರಿಗೆ ಅಂಟುವಾಳ. ಹತ್ತು ನಿಮಿಷದ ನಂತರ ಮೊದಲನೆಯದು ಒಡೆದಿತ್ತು, ಉಳಿದೆರಡು ಹಾಲಿನಂತೆ ಬೆಳ್ಳಗೆ ಉಳಿದಿದ್ದವು.

ಈಗ ನಾನು ಮಾಡುವುದು ಇಷ್ಟು. ಹತ್ತು ಅಂಟುವಾಳದ ಬೀಜ ತೆಗೆದು ಸಿಪ್ಪೆಯನ್ನು ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಚೆನ್ನಾಗಿ ಕಿವುಚಿ, ಬಟ್ಟೆಯಲ್ಲಿ ಸೋಸಿಡುತ್ತೇನೆ. ಸಂಜೆ ಆ ರಸದ ಕಾಲು ಭಾಗಕ್ಕೆ 5 ಮಿಲಿ ಬೇವಿನೆಣ್ಣೆ ಹಾಕಿ, ಸಣ್ಣ ಬಾಟಲಿಯಲ್ಲಿ ಬೆಳ್ಳಗಾಗುವವರೆಗೆ ಕುಲುಕಿ, ಆನಂತರವೇ ಒಂದು ಲೀಟರ್ ನೀರಿಗೆ ಸೇರಿಸುತ್ತೇನೆ. ಬೇವಿನ ಸತ್ವ ಬಿಸಿಲಿಗೆ ಬೇಗ ಕೆಡುವುದರಿಂದ ಮತ್ತು ಜೇನ್ನೊಣಗಳು ಆಗ ಗೂಡು ಸೇರಿರುವುದರಿಂದ ಸಂಜೆಯೇ ಹೊಡೆಯಬೇಕು, ಎಲೆಯ ಅಡಿಭಾಗಕ್ಕೆ ಮುಖ್ಯವಾಗಿ ಬೀಳಬೇಕು. ಮೂರು ವಾರಗಳಲ್ಲಿ ಬಿಳಿ ನೊಣ ಹಿಡಿತಕ್ಕೆ ಬಂತು. ಹಿಟ್ಟು ತಿಗಣೆಗೆ ಮೇಣದ ಹೊದಿಕೆ ಇರುವುದರಿಂದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದ ಮೇಲೆ ಹೊಡೆದರಷ್ಟೇ ಫಲ. ಅವುಗಳ ಸಿಹಿ ಸ್ರಾವಕ್ಕಾಗಿ ಕಾವಲು ಕಾಯುವ ಇರುವೆಗಳನ್ನೂ ತಡೆಯಬೇಕು.

ಉಳಿದವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳ್ಳುಳ್ಳಿ ಮೆಣಸಿನಕಾಯಿ ಕಷಾಯ ಎರಡು ದಿನಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಹಳದಿ ಅಂಟುಹಾಳೆ ಬಿಳಿ ನೊಣ ಬಂದಿದೆಯೇ ಎಂದು ತಿಳಿಯಲು ಒಳ್ಳೆಯದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪನ್ನು ಮಳೆನೀರಿನಲ್ಲಿ ಕರಗಿಸಿ ಹೊಡೆದೆ, ಬಹಳ ಚೆನ್ನಾಗಿತ್ತು. ರಾತ್ರಿ ನೆನೆಹಾಕುವ ವ್ಯವಧಾನವಿಲ್ಲದವರು ಅದನ್ನೇ ತರಲಿ. ರಾಸಾಯನಿಕ ಔಷಧಿಯನ್ನು ನಾನು ತಾರಸಿಗೆ ಹತ್ತಿಸುವುದಿಲ್ಲ, ಏಕೆಂದರೆ ಹೊಡೆದ ಮೇಲೆ ಕೊಯ್ಲಿಗೆ ಇಷ್ಟು ದಿನ ಕಾಯಬೇಕೆಂಬ ನಿಯಮವಿರುತ್ತದೆ, ನಮ್ಮ ಮನೆಯಲ್ಲಿ ದಂಟಿನ ಸೊಪ್ಪನ್ನು ದಿನ ಬಿಟ್ಟು ದಿನ ಕೀಳುತ್ತೇವೆ.

ಬಾಲ್ಕನಿಯಲ್ಲಿ ನಾಲ್ಕೇ ಕುಂಡ ಇಟ್ಟು, ದಿನವೂ ತಪ್ಪದೆ ನೀರು ಹಾಕುವವರಿಗೆ ಚೀಲದ ಮಿಶ್ರಣ ಸಾಕು, ಭಾರ ಹೊರುವ ಕಷ್ಟವೂ ತಪ್ಪುತ್ತದೆ. ತೋಟಕ್ಕೆ ತಿಂಗಳಿಗೆ 300 ರೂಪಾಯಿಗಿಂತ ಹೆಚ್ಚು ಮೀಸಲಿಡಲಾಗದ, ಆಗಾಗ ಊರಿಗೆ ಹೋಗುವ ನನ್ನಂಥವರಿಗೆ ಕೆಮ್ಮಣ್ಣೇ ಸರಿ. ಆ ಎಂಟು ಚೀಲಗಳ ಕೋಕೋಪೀಟನ್ನು ಎಸೆಯಲಿಲ್ಲ. ಬೆಳೆ ಮುಗಿದ ಮೇಲೆ ಬಿಸಿಲಿಗೆ ಹರಡಿ ಒಣಗಿಸಿ, ನಾಲ್ಕು ಪಾಲು ಮಣ್ಣಿಗೆ ಒಂದು ಪಾಲಿನಂತೆ ಬೆರೆಸಿದ್ದೇನೆ, ಈ ವರ್ಷದ ಬದನೆ ಅದರಲ್ಲೇ ನಿಂತಿದೆ.