ಬೈನರಿ ಫೈಲಿಗೆ ಮೂರು ದಾರಿ: ಒಂದೇ ದಾಖಲೆ, ಮೂರು ರೀತಿ ಬರೆದು ನೋಡಿದೆ

ಮನೆಯ ತಾರಸಿ ಮೇಲೆ ಮಳೆ ಅಳೆಯುವ ಸಣ್ಣ ಬೋರ್ಡ್ ಇಟ್ಟಿದ್ದೇನೆ. 32 ಬಿಟ್ ಚಿಪ್. ಗಂಟೆಗೊಂದು ದಾಖಲೆಯನ್ನು ಎಸ್‌ಡಿ ಕಾರ್ಡಿಗೆ ಬರೆಯುತ್ತದೆ. ಪ್ರೋಗ್ರಾಮ್ ಸಿ ಭಾಷೆಯದು. ಮಾಪಕದ ನಂಬರಿಗೆ ಒಂದು ಬೈಟ್, ಸಮಯಕ್ಕೆ ಒಂದು ಲಾಂಗ್ (ದೊಡ್ಡ ಪೂರ್ಣಾಂಕ), ಮಳೆಗೆ ಒಂದು ಶಾರ್ಟ್ (2 ಬೈಟಿನ ಪೂರ್ಣಾಂಕ). 30 ಮಿಲಿಮೀಟರ್ ಮಳೆ ಅಂದರೆ 300 ಅಂತ ಬರೆದುಕೊಳ್ಳುತ್ತೇನೆ.

ಮೊದಲು ಈ ಮೂರನ್ನೂ ಒಟ್ಟಿಗೆ ಹಿಡಿದಿಡುವ ಸ್ಟ್ರಕ್ಟನ್ನು ಹಾಗೇ ಎಫ್‌ರೈಟಿಗೆ (ಫೈಲಿಗೆ ಬರೆಯುವ ಫಂಕ್ಷನ್) ಕೊಟ್ಟೆ. ಒಂದೇ ಸಾಲು, ಆರಾಮ. ವಿಂಡೋಸ್ ಲ್ಯಾಪ್‌ಟಾಪ್ ಫೈಲನ್ನು ಸರಿಯಾಗಿಯೇ ಓದಿತು. 64 ಬಿಟ್ ಲಿನಕ್ಸಿನಲ್ಲಿ ಮಾತ್ರ ತಾರೀಖು, ಮಳೆ ಎಲ್ಲಾ ಅಡ್ಡಾದಿಡ್ಡಿ. ಸೈಜ್‌ಆಫ್ ಹಾಕಿ ಸ್ಟ್ರಕ್ಟಿನ ಗಾತ್ರ ನೋಡಿದರೆ ಬೋರ್ಡಿನಲ್ಲಿ 12 ಬೈಟ್, ಲಿನಕ್ಸಿನಲ್ಲಿ 24! ಅಲ್ಲಿ ಲಾಂಗ್ 8 ಬೈಟ್, ಉಳಿದೆರಡರಲ್ಲಿ 4. ಸಾಲದ್ದಕ್ಕೆ ಕಂಪೈಲರ್ ನಡುವೆ ಖಾಲಿ ಬೈಟ್ ತುಂಬುತ್ತದೆ. ನಿಜವಾದ ಮಾಹಿತಿ ಇರೋದು ಬರೀ 7 ಬೈಟ್.

ಎರಡನೇ ಸಲ ಲಾಂಗ್ ತೆಗೆದು, ಸಿ ಭಾಷೆಯ ಸಿ99 ಆವೃತ್ತಿಯಲ್ಲಿ ಬಂದ, ಎಲ್ಲಾ ಕಡೆ ಒಂದೇ ಗಾತ್ರದ ಇಂಟ್32_ಟಿ, ಇಂಟ್16_ಟಿ ಹಾಕಿದೆ. ಖಾಲಿ ಬೈಟ್ ಬರದ ಹಾಗೆ ಸ್ಟ್ರಕ್ಟನ್ನು ಪ್ಯಾಕ್ ಮಾಡಿದೆ. ಎಲ್ಲಾ ಕಡೆ 7 ಬೈಟ್. ಇಷ್ಟೇ ಸಾಕು ಅನ್ನಿಸಿತ್ತು. ಆದರೂ ಕ್ಯೂಎಮುವಿನಲ್ಲಿ (ಬೇರೆ ಯಂತ್ರಗಳನ್ನು ಅನುಕರಿಸುವ ಸಾಫ್ಟ್‌ವೇರ್) ಐಬಿಎಂ ಮೇನ್‌ಫ್ರೇಮಿನ ಎಸ್390ಎಕ್ಸ್ ಮೇಲೆ ಓಡಿಸಿ ನೋಡಿದೆ. ಅದು ಬಿಗ್ ಎಂಡಿಯನ್, ಅಂದರೆ ಸಂಖ್ಯೆಯ ದೊಡ್ಡ ಬೆಲೆಯ ಬೈಟ್ ಮೊದಲು. ನನ್ನ ಬೋರ್ಡಿನಲ್ಲಿ ಚಿಕ್ಕದು ಮೊದಲು. ಫೈಲಿನಲ್ಲಿ 44, 1 ಅಂತ ಕೂತಿದ್ದ 300 ಅಲ್ಲಿ 11265 ಆಯಿತು. ಒಂದು ಗಂಟೆಯಲ್ಲಿ 1126.5 ಮಿಲಿಮೀಟರ್ ಮಳೆ! ಇನ್ನೊಂದು ತೊಂದರೆಯೂ ಇದೆ: ಪ್ಯಾಕ್ ಆದ ಸ್ಟ್ರಕ್ಟಿನ ಸದಸ್ಯದ ವಿಳಾಸವನ್ನು ಮಾಮೂಲಿ ಪಾಯಿಂಟರಿಗೆ ಕೊಟ್ಟು ಅದರ ಮೂಲಕ ಓದಿದರೆ ಕೆಲವು ಚಿಪ್‌ಗಳಲ್ಲಿ ಪ್ರೋಗ್ರಾಮ್ ಅಲ್ಲೇ ಬಿದ್ದುಹೋಗುತ್ತದೆ.

ಮೂರನೆಯದು ನಾನು ಉಳಿಸಿಕೊಂಡಿದ್ದು. ಸಂಖ್ಯೆಯ ಕೆಳಗಿನ 8 ಬಿಟ್ ಮೊದಲು, ಆಮೇಲೆ ಬಲಕ್ಕೆ 8 ಸರಿಸಿ ಮುಂದಿನದು, ಹೀಗೆ ಒಂದೊಂದೇ ಬೈಟ್ ಬರೆಯೋದು. ಓದುವಾಗ ಎಡಕ್ಕೆ ಸರಿಸಿ ಸೇರಿಸೋದು. ಇಲ್ಲಿ ಕ್ರಮ ಫೈಲಿನದ್ದು, ಯಂತ್ರದ್ದಲ್ಲ. ನನ್ನ ಯಂತ್ರ ಯಾವ ಎಂಡಿಯನ್ ಅಂತ ಕೋಡ್ ಎಲ್ಲೂ ಕೇಳಬೇಕಾಗಿಲ್ಲ. ಎಸ್390ಎಕ್ಸ್ ಕೂಡ 300 ಅಂತಲೇ ಓದಿತು. ಕೋಡ್ ಸ್ವಲ್ಪ ಜಾಸ್ತಿ, ಹೌದು. ನಿಧಾನ ಆಗುತ್ತದೆ ಅನ್ನೋ ಭಯ ಬೇಡ, ಜಿಸಿಸಿ, ಕ್ಲಾಂಗ್ ಎಂಬ ಎರಡೂ ಕಂಪೈಲರ್‌ಗಳು ಸಾಮಾನ್ಯವಾಗಿ ಈ ಮಾದರಿಯನ್ನು ಗುರುತಿಸಿ ಎಲ್ಲಾ ಬೈಟನ್ನೂ ಒಂದೇ ಸಲ ಓದುವಂತೆ ಮಾಡುತ್ತವೆ. ಒಂದು ಎಚ್ಚರ ಮಾತ್ರ ಬೇಕು: 24 ಬಿಟ್ ಎಡಕ್ಕೆ ಸರಿಸುವ ಮುಂಚೆ ಬೈಟನ್ನು ಯುಇಂಟ್32_ಟಿಗೆ (ಋಣ ಚಿಹ್ನೆ ಇಲ್ಲದ 32 ಬಿಟ್ ಸಂಖ್ಯೆ) ಕ್ಯಾಸ್ಟ್ ಮಾಡಿ, ಅಂದರೆ ಬದಲಾಯಿಸಿ. ಇಲ್ಲದಿದ್ದರೆ ಅದು ಸೈನ್ಡ್ ಇಂಟ್ (ಋಣ ಚಿಹ್ನೆಯೂ ಇರುವ ಪೂರ್ಣಾಂಕ) ಆಗಿರುತ್ತದೆ, ದೊಡ್ಡ ಬೈಟ್ ಬಂದಾಗ ಕೈಕೊಡುತ್ತದೆ.

ದಾಖಲೆಗಳನ್ನು ಬೈಟ್‌ಗಳಾಗಿ ಬರೆದು ಓದಿಕೊಡುವ ಗೂಗಲ್‌ನ ಪ್ರೋಟೋಕಾಲ್ ಬಫರ್ಸ್ ಒಳ್ಳೆಯದೇ, ಆದರೆ 7 ಬೈಟಿಗೆ ಅಷ್ಟೆಲ್ಲ ಯಾಕೆ? ಪೈಥಾನಿನಲ್ಲಿ ಓದುವವರು ಅದರ ಸ್ಟ್ರಕ್ಟ್ ಮಾಡ್ಯೂಲಿಗೆ ಕೊಡುವ ಫಾರ್ಮ್ಯಾಟಿನ ಮೊದಲಿಗೆ '<' ಹಾಕಿ. ಬಿಟ್ಟರೆ ಇದೇ ದಾಖಲೆಗೆ 7ರ ಬದಲು 10 ಬೈಟ್ ಕೇಳುತ್ತದೆ.

ಇನ್ನು ಮೂರಕ್ಕೂ ಸೇರಿದ್ದು: ಫೈಲ್ ತೆರೆಯುವ ಎಫ್‌ಓಪನ್‌ಗೆ 'ಬಿ' (ಬೈನರಿ) ಕೊಡೋದು ಮರೆಯಬೇಡಿ. ಮರೆತರೆ ಲಿನಕ್ಸಿನಲ್ಲಿ ಗೊತ್ತೇ ಆಗಲ್ಲ. ವಿಂಡೋಸ್ ಅದನ್ನು ಪಠ್ಯ ಅಂದುಕೊಂಡು, ಬರೆಯುವಾಗ ಬೆಲೆ 10 ಇರುವ ಪ್ರತಿ ಬೈಟಿನ (ಹೊಸ ಸಾಲಿನ ಗುರುತು) ಹಿಂದೆ ಒಂದು 13 ಸೇರಿಸುತ್ತದೆ. ಅಂದರೆ ಸರಿಯಾಗಿ 1 ಮಿಲಿಮೀಟರ್ ಮಳೆ ಬಂದ ಗಂಟೆಯಿಂದ ಮುಂದಿನದೆಲ್ಲ ಒಂದು ಬೈಟ್ ಜರುಗುತ್ತದೆ. ಓದುವಾಗ 26 (ಹಳೆಯ ಫೈಲ್ ಮುಕ್ತಾಯದ ಗುರುತು) ಸಿಕ್ಕರೆ ಫೈಲ್ ಅಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತದೆ. ಪಿಎನ್‌ಜಿ ಚಿತ್ರದ ಫೈಲಿನ ಮೊದಲ ಎಂಟು ಬೈಟ್ ನೋಡಿ: 137, 80, 78, 71, 13, 10, 26, 10. ಈ ಹಾಳಾಗುವಿಕೆ ಮೊದಲಿಗೇ ಸಿಕ್ಕಿಬೀಳಲಿ ಅಂತಲೇ ಹಾಗೆ ಆರಿಸಿದ್ದಾರೆ. ನನ್ನ ಮಳೆ ಫೈಲಿನ ತಲೆಗೂ ಈಗ 13, 10, 26, 10 ಹಾಕಿದ್ದೇನೆ.