ಬಡ್ಡಿ ಇಲ್ಲದ ಕಂತಿನ ಫ್ರಿಜ್ಜು: 5ಕ್ಕೆ 2 ಸ್ಟಾರ್

ಮಂಡ್ಯದ ಪೇಟೆಬೀದಿ ಕಡೆಯ ಒಂದು ಅಂಗಡಿಯಲ್ಲಿ ಕೊಂಡೆ. ಫ್ರಿಜ್ಜು ಚೆನ್ನಾಗಿದೆ. ತಕರಾರು ಇರುವುದು ‘ಝೀರೋ ಬಡ್ಡಿ’ ಬೋರ್ಡಿನ ಬಗ್ಗೆ. ಬೆಲೆ 24,000, ತಿಂಗಳಿಗೆ 2,400ರಂತೆ ಹತ್ತು ಕಂತು. ಸಹಿ ಹಾಕಿದ ಮೇಲೆ ಪ್ರೊಸೆಸಿಂಗ್ ಶುಲ್ಕ 999, ಅದಕ್ಕೆ 18% ಜಿಎಸ್‌ಟಿ, ಒಟ್ಟು 1,179 ಅಂದರು. ನನ್ನ ಪಕ್ಕ ನಿಂತಿದ್ದವರು ಅದೇ ಫ್ರಿಜ್ಜನ್ನು ನಗದು ಕೊಟ್ಟು 22,500ಕ್ಕೆ ಒಯ್ದರು! ಅಂದರೆ ನನ್ನ ‘ಝೀರೋ’ಗೆ 2,679 ರೂಪಾಯಿ ಬಿತ್ತು, ಅಲ್ವಾ?

ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ, 2024ರ ಅಕ್ಟೋಬರ್ 1ರಿಂದ. ನನಗೂ ಬಂತು. ಮೊಬೈಲಿಗೆ, ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ.

ಕಂತು ಕಟ್ಟಾಗುವುದು 5ನೇ ತಾರೀಖು. ಸ್ಕೂಲ್ ವ್ಯಾನ್ ಓಡಿಸುವ ನಮ್ಮ ಯಜಮಾನರ ಸಂಬಳ 10ಕ್ಕೆ. ಮೊದಲ ತಿಂಗಳೇ ಬೌನ್ಸ್ ಆಗಿ 590 ದಂಡ. ತಾರೀಖು ಬದಲಿಸಿ ಅಂದರೆ, “ಸಿಸ್ಟಮ್ಮಲ್ಲಿ ಬರಲ್ಲ ಅಕ್ಕ.” ಈಗ ಬ್ಲೌಸ್ ಹೊಲಿದ ದುಡ್ಡನ್ನು 4ಕ್ಕೇ ಬ್ಯಾಂಕಿಗೆ ಹಾಕಿ ಬರುತ್ತೇನೆ.

ಆ ಎರಡು ಸ್ಟಾರ್ ಡೆಲಿವರಿ ಹುಡುಗರಿಗೆ. ಮೂರನೇ ಮಹಡಿಗೆ ಹೊತ್ತು ತಂದು, ಬರೀ ನೀರು ಕುಡಿದು ಹೋದರು.